ಸಂಪಾಜೆಯ ಹೇಳಿಕೆ

ಒದ್ದೆ ಅರಸಿನದ ವಾಸನೆ, ಪ್ರೆಸ್ಸಿನಿಂದ ಆಗಷ್ಟೇ ಬಂದ ಕಾಗದದ ವಾಸನೆ, ಎರಡೂ ಬೆರೆತದ್ದು. ವಸುಮತಿ ಸಣ್ಣವಳಿದ್ದಾಗ ಮನೆಯಲ್ಲಿ ಮದುವೆಯೋ ಉಪನಯನವೋ ಬಂತೆಂದರೆ ಆ ವಾಸನೆ ಜಗಲಿಯಿಂದ ಮಲಗುವ ಚಾಪೆಯವರೆಗೆ ಹಬ್ಬಿರುತ್ತಿತ್ತು. ಕರೆಯೋಲೆಗಳ ಮೂಲೆಗಳಿಗೆ ಅರಸಿನ ಹಚ್ಚುವ ಕೆಲಸ ಅವಳದು. ಹೇಳಿಕೆಗೆ ಹೋಗುವ ಭಾಗ್ಯ ತಂಗಿಯದು. ಹೇಳಿಕೆ ಎಂದರೆ ಈ ಕಡೆ ಮನೆಮನೆಗೆ ಹೋಗಿ, ಕೂತು, ಬೆಲ್ಲ ನೀರು ಕುಡಿದು, "ಎಲ್ಲರೂ ಬರಬೇಕು" ಎಂದು ಬಾಯಿ ತೆರೆದು ಕರೆಯುವುದು. ಕಾಗದ ಬರೀ ನೆಪ. ಕಾಗದ ಮಾತ್ರ ಅಂಚೆಯಲ್ಲಿ ಬಂದು ಹೇಳಿಕೆ ಆಗದೇ ಹೋದರೆ, ಬೇಲಿಯಾಚೆಯ ಮನೆಯವರೂ ಮದುವೆಯ ಊಟಕ್ಕೆ ಬರುವುದಿಲ್ಲ; ಡೋಲು ವಾದ್ಯ ಕೇಳಿಸಿಕೊಂಡು ಮನೆಯಲ್ಲೇ ಕೂತಿರುತ್ತಾರೆ. "ವಸು ಅರಸಿನ ಹಚ್ಚಲಿ, ಅವಳಿಗೆ ಮಾತಾಡ್ಲಿಕ್ಕೆ ಬರುದಿಲ್ಲ" ಎಂದು ಅಮ್ಮ ಬೈಯುವ ಧ್ವನಿಯಲ್ಲೇನೂ ಹೇಳುತ್ತಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ತಂಗಿ ಹೊಸ ಲಂಗದ ನೆರಿಗೆ ಹಿಡಿದು ಮೆಟ್ಟಲಿಳಿಯುವಾಗ ವಸುಮತಿ ತಲೆ ಎತ್ತುತ್ತಿರಲಿಲ್ಲ. ಒಂದು ಕಾಗದದ ಮೂಲೆಗೆ ಬೇಕಾದ್ದಕ್ಕಿಂತ ಹೆಚ್ಚು ಅರಸಿನ ಬಿದ್ದು ಮದುಮಗನ ಹೆಸರೇ ಹಳದಿಯಾಗಿ ಹೋಗುತ್ತಿತ್ತು.

ಸೋಮವಾರ ಬೆಳಿಗ್ಗೆ ಪುತ್ತೂರಿನಿಂದ ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ ಕೂತ ಐವತ್ತೇಳರ ವಸುಮತಿಗೆ ಅದೆಲ್ಲ ಈಗ ಯಾಕೆ ನೆನಪಾಗಬೇಕು ಎಂದು ಕಸಿವಿಸಿಯಾಯಿತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಏನೂ ಕೇಳದೆ ತನ್ನ ಚೀಲವನ್ನು ಮಡಿಲಿಗೆ ಎತ್ತಿಕೊಂಡು ಇವಳಿಗೆ ಜಾಗ ಬಿಟ್ಟಿದ್ದಳು. ಕಂಡಕ್ಟರು ಚಿಲ್ಲರೆ ಕೊಡುವಾಗ "ಸಂಪಾಜೆಯಲ್ಲಿ ಗೇಟಿನ ಹತ್ತಿರವೇ ನಿಲ್ಲಿಸ್ತೇನೆ ಅಮ್ಮ, ನಡೀಬೇಡಿ" ಎಂದಿದ್ದ. ಇಂಥ ಸಣ್ಣ ಉಪಕಾರಗಳು ಇವತ್ತು ಅವಳಿಗೆ ಚುಚ್ಚುತ್ತಿದ್ದವು. ತಾನು ಯಾಕೆ ಸಂಪಾಜೆಗೆ ಹೋಗುತ್ತಿದ್ದೇನೆ ಎಂದು ಗೊತ್ತಿದ್ದರೆ ಇವರು ಹೀಗೆ ಜಾಗ ಬಿಡುತ್ತಿದ್ದರೇ?

ಕಳೆದ ಬುಧವಾರ ಇದೇ ಬಸ್ಸು, ಇದೇ ದಾರಿ. ಕುಂಬ್ರ, ಜಾಲ್ಸೂರು ದಾಟಿ ಸುಳ್ಯದಲ್ಲಿ ಬಸ್ಸು ನಿಂತಾಗ ಕಾಫಿ ಕುಡಿಯಲೆಂದು ಇಳಿದಿದ್ದಳು. ಹೋಟೆಲಿನ ಮಾಣಿ ಬಿಸಿ ಗೋಳಿಬಜೆ ತಂದಿಟ್ಟ. ಕಿಟಕಿಯಿಂದ ಬಸ್ಸು ಕಾಣುತ್ತಿತ್ತು. ಡ್ರೈವರು ಹತ್ತಿದ್ದು ಕಂಡಿತು, ಹಾರನ್ನು ಕೇಳಿತು, ಬಸ್ಸು ಹಿಂದಕ್ಕೆ ಸರಿದು ಮುಂದಕ್ಕೆ ಹೋದದ್ದೂ ಕಂಡಿತು. ಅವಳು ಏಳಲಿಲ್ಲ, ಅಷ್ಟೆ. ಏಳಬಾರದೆಂದು ನಿರ್ಧರಿಸಿದ ನೆನಪು ಅವಳಿಗಿಲ್ಲ. ಇನ್ನೊಂದು ಬಸ್ಸು ಬಂತು, ಅದೂ ಹೋಯಿತು. ಆಮೇಲೆ ಪುತ್ತೂರಿಗೆ ವಾಪಸು ಬಂದು, ಲೈಬ್ರರಿಯ ಬಾಗಿಲಲ್ಲೇ ಕಾದು ನಿಂತಿದ್ದ ಸಹಾಯಕಿ ಫೌಝಿಯಾಳಿಗೆ "ಹೇಳಿ ಆಯ್ತು. ಎಲ್ಲ ಬರ್ತಾರಂತೆ" ಎಂದಳು. ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು! ಮಾತಾಡಲು ಬಾರದವಳ ಬಾಯಲ್ಲಿ.

ಕಾಳುಮೆಣಸು, ಜಾಯಿಕಾಯಿ, ಶುಂಠಿಗಳಿಂದ ಎಣ್ಣೆ ತೆಗೆದು ಪರದೇಶಕ್ಕೆ ಕಳಿಸುವ ಪುತ್ತೂರಿನ ಒಂದು ಕಂಪೆನಿಯ ಮಹಡಿಯ ಮೇಲೆ ಆ ಲೈಬ್ರರಿ ಇತ್ತು. ವಸುಮತಿ ಅದನ್ನು ಒಂದು ಬೀರುವಿನಿಂದ ಶುರುಮಾಡಿ ಕೋಣೆ ತುಂಬ ಬೆಳೆಸಿದವಳು. ಯಾವ ದೇಶ ಯಾವ ಔಷಧಿಯ ಅಂಶವಿದ್ದರೆ ಸರಕು ವಾಪಸು ಕಳಿಸುತ್ತದೆ, ಮೆಣಸಿನ ಬಳ್ಳಿಗೆ ಬಂದ ಹೊಸ ರೋಗಕ್ಕೆ ಯಾರು ಏನು ಬರೆದಿದ್ದಾರೆ, ಎಲ್ಲವನ್ನೂ ಓದಿ, ಸಾರ ತೆಗೆದು, ಅಂದವಾಗಿ ಟೈಪು ಮಾಡಿ, ವಾರ ವಾರ ಎಲ್ಲರಿಗೂ ಮೇಲ್ ಕಳಿಸುತ್ತಿದ್ದಳು. ಯಾರೂ ತೆರೆಯುತ್ತಿರಲಿಲ್ಲ. ಲ್ಯಾಬಿನವರಿಗೆ ಲ್ಯಾಬಿನ ಕೆಲಸ, ಲೆಕ್ಕದವರಿಗೆ ಲೆಕ್ಕದ ಕೆಲಸ, ಊರೂರು ತಿರುಗಿ ಮೆಣಸು ಕೊಳ್ಳುವ ಫೀಲ್ಡಿನವರಂತೂ ಮಹಡಿ ಹತ್ತಿದ್ದನ್ನೇ ಅವಳು ಕಂಡವಳಲ್ಲ. ಪುರುಸೊತ್ತಿಲ್ಲ ಎನ್ನುತ್ತಿದ್ದರು. ಅವರಿಗೆ ಪುರುಸೊತ್ತಿಲ್ಲದಿರುವುದು ಅವಳಿಗೆ ಒಂದು ರೀತಿಯ ಸಮಾಧಾನವೂ ಆಗಿತ್ತು. ತಪ್ಪು ತನ್ನದಲ್ಲವಲ್ಲ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಫೌಝಿಯಾ ಸಹಾಯಕಿಯಾಗಿ ಬಂದಳು. ತಾತ್ಕಾಲಿಕ ಕೆಲಸ. ಬಂದವಳು ಕುರ್ಚಿಯಲ್ಲಿ ಕೂರಲೇ ಇಲ್ಲ. ಚಹದ ಹೊತ್ತಿಗೆ ಲ್ಯಾಬಿನವರ ನಡುವೆ ಹೋಗಿ ನಿಂತು "ನಿಮಗೆ ಎಂತ ಬೇಕು ಹೇಳಿ, ಹುಡುಕುದು ನನ್ನ ಕೆಲಸ" ಎಂದಳು. ಪ್ಯಾಕಿಂಗಿನ ಹೆಂಗಸರಿಗೆ ಮಕ್ಕಳ ಪರೀಕ್ಷೆಯ ಪುಸ್ತಕ ಬೇಕು ಎಂದು ಅವಳಿಗೆ ಹೇಗೆ ಗೊತ್ತಾಯಿತೋ! ಬೆಳಿಗ್ಗೆ ಬೆಳಿಗ್ಗೆ ಫೀಲ್ಡಿನವರ ಫೋನಿಗೆ ಎರಡು ನಿಮಿಷದ ಮಾತು ಕಳಿಸತೊಡಗಿದಳು. ಅವರು ಬೈಕಿನಲ್ಲಿ ಗುತ್ತಿಗಾರಿಗೋ ಇಚಿಲಂಪಾಡಿಗೋ ಹೋಗುತ್ತಾ ಕಿವಿಗೆ ಸಿಕ್ಕಿಸಿಕೊಂಡು ಕೇಳುವರಂತೆ. ಆ ಮಾತುಗಳು ವಸುಮತಿ ಟೈಪು ಮಾಡಿದವೇ. ವಾಕ್ಯಗಳನ್ನು ಸ್ವಲ್ಪ ಮುರಿದು, ನಡುವೆ ಒಂದು ತುಳು ಮಾತು ಸೇರಿಸಿ, ನಗುತ್ತಾ ಹೇಳುತ್ತಿದ್ದಳು. "ಇದು ವಸುಮತಿ ಮೇಡಂ ಓದಿ ಬರೆದದ್ದು, ನಾನು ಬರೇ ಹೇಳುವವಳು" ಎಂದು ಪ್ರತಿ ಸಲ ಕೊನೆಗೆ ಸೇರಿಸುತ್ತಿದ್ದಳು ಕೂಡ. ಅವು ವಸುಮತಿಯ ಫೋನಿಗೂ ಬರುತ್ತಿದ್ದವು; ಅವಳು ಅದನ್ನೆಲ್ಲ ಕೇಳುತ್ತಿದ್ದಳು, ಮನೆಯ ಬಚ್ಚಲಿನಲ್ಲಿ, ನಲ್ಲಿ ಬಿಟ್ಟು, ಗಂಡನಿಗೂ ಗೊತ್ತಾಗದ ಹಾಗೆ. ಆ ಕೊನೆಯ ವಾಕ್ಯ ಬಂದಾಗ ಅವಳು ನಲ್ಲಿಯನ್ನು ಇನ್ನಷ್ಟು ತಿರುಗಿಸುತ್ತಿದ್ದಳು. ಅದನ್ನು ಹೇಳದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಆಗ ಸಿಟ್ಟು ಮಾಡಲು ಒಂದು ಕಾರಣವಾದರೂ ಇರುತ್ತಿತ್ತು.

ಜನ ಬರತೊಡಗಿದರು. ಬಾಗಿಲಲ್ಲಿ ತಲೆ ಹಾಕಿ ಲ್ಯಾಬಿನ ಜಾಸಿರ್ "ಫೌಝಿಯಾ ಇಲ್ವಾ?" ಎನ್ನುತ್ತಿದ್ದ. "ಎಂತ ಬೇಕಿತ್ತು?" ಎಂದು ವಸುಮತಿ ಕೇಳಿದರೆ "ಪರವಾಗಿಲ್ಲ ಮೇಡಂ, ಆಮೇಲೆ ಬರ್ತೇನೆ" ಎಂದು ಹೋಗುತ್ತಿದ್ದ. ಅವನಿಗೆ ಬೇಕಾದ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳು ಎದುರಿಗೇ ಕೂತಿದ್ದಳು. ಇಷ್ಟು ವರ್ಷ ತಾನು ಎಲ್ಲರಿಗೂ ಮೇಡಂ. ಫೌಝಿಯಾಳಿಗೆ ಬಂದ ಕೆಲವೇ ತಿಂಗಳಲ್ಲಿ ಫೀಲ್ಡಿನ ಮುರಳಿಯಣ್ಣ, ಲ್ಯಾಬಿನ ಜಾಸಿರಾಕ, ಪ್ಯಾಕಿಂಗಿನ ಅಕ್ಕಂದಿರು. ತನಗೆ ಆ ಕಟ್ಟಡದಲ್ಲಿ ಒಬ್ಬ ಅಣ್ಣನೂ ಇರಲಿಲ್ಲ.

ಆಮೇಲೆ ಆಡಳಿತದ ರಾಮಪ್ರಸಾದ ಇಬ್ಬರನ್ನೂ ಕರೆಸಿ ನಿಷ್ಠುರವಾಗಿ ಹೇಳಿದ. ಲ್ಯಾಬಿಗೆ ಜಾಗ ಸಾಲದು, ಮಹಡಿಯ ಕೋಣೆ ಬೇಕು. ಲೈಬ್ರರಿಯಿಂದ ನಿಜವಾಗಿ ಉಪಯೋಗ ಆಗಬೇಕಾದ್ದು ಫೀಲ್ಡಿನವರಿಗೆ. ಅವರು ಬರುತ್ತಾರೆ ಎಂದು ತೋರಿಸಿದರೆ ಕೋಣೆಯೂ ಉಳಿಯುತ್ತದೆ, ಫೌಝಿಯಾಳ ಕೆಲಸವೂ ಕಾಯಂ. ಇಲ್ಲವಾದರೆ ಪುಸ್ತಕ ಹಿಂದಿನ ಗೋದಾಮಿಗೆ, ಸಹಾಯಕಿ ಮನೆಗೆ. "ನಿಮ್ಮ ಸರಕನ್ನು ನೀವೇ ಮಾರ್ಬೇಕು ಮೇಡಂ. ನಾವು ಎಣ್ಣೆ ಮಾರುದಿಲ್ವಾ?" ಶನಿವಾರ ಒಂದು ಕಾರ್ಯಕ್ರಮ ಇಡುವುದೆಂದಾಯಿತು. ವಸುಮತಿ ಆ ದಿನವೇ ಮೇಲ್ ಬರೆದಳು, ಬಣ್ಣದ ಪೋಸ್ಟರು ಮಾಡಿಸಿ ನೋಟೀಸು ಬೋರ್ಡಿಗೆ ಅಂಟಿಸಿದಳು. ಫೌಝಿಯಾ ಪೋಸ್ಟರನ್ನು ನೋಡಿ "ಚಂದ ಉಂಟು ಮೇಡಂ" ಎಂದು, ಸ್ವಲ್ಪ ತಡೆದು, "ಆದ್ರೆ ಇದು ಅಂಚೆಯಲ್ಲಿ ಕಾಗದ ಹಾಕಿದ ಹಾಗೆ ಅಲ್ವಾ? ನಮ್ಮಲ್ಲಿ ಯಾರಾದ್ರೂ ಹಾಗೆ ಬರ್ತಾರಾ? ನಾವು ಹೇಳಿಕೆಗೆ ಹೋಗುವ. ಒಬ್ಬೊಬ್ಬರ ಹತ್ರವೂ ಹೋಗಿ ಕೂತು ಕರೆಯುವ" ಎಂದಳು.

ಕೆನ್ನೆಗೆ ಹೊಡೆದ ಹಾಗಾಗಿತ್ತು. ತನ್ನ ಅಮ್ಮನ, ತನ್ನ ಮನೆಯ ಜಗಲಿಯ ಮಾತು ಇವಳ ಬಾಯಲ್ಲಿ! ಮುಸ್ಲಿಮರ ಮನೆಗಳಲ್ಲೂ ಹೇಳಿಕೆ ಇದೆ, ಮನೆಯವರೆಲ್ಲ ಹೊರಟು ಹೋಗಿ ಕರೆಯುತ್ತಾರೆ, ಅದು ವಸುಮತಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅರಸಿನದಲ್ಲಿ ಬೆರಳು ಅದ್ದಿ ಬೆಳೆದವಳಿಗೆ ಅದು ಯಾಕೆ ಹೊಳೆಯಲಿಲ್ಲ? ಮಹಡಿ, ಲ್ಯಾಬು, ಪ್ಯಾಕಿಂಗು ಎಲ್ಲ ತಾನು ಹೋಗುತ್ತೇನೆ ಎಂದಳು ಫೌಝಿಯಾ. "ನೀವು ಮೆಟ್ಟಲು ಹತ್ತಿ ಇಳಿದು ಗಂಟು ನೋವು ಮಾಡ್ಕೊಳ್ಬೇಡಿ. ಬಸ್ಸಲ್ಲಿ ಕೂತು ಸಂಪಾಜೆಯ ಡಿಪೋಗೆ ಹೋಗಿ ಬನ್ನಿ, ಫೀಲ್ಡಿನವರೆಲ್ಲ ಅಲ್ಲೇ ಸೇರುದು. ಹಿರಿಯರು ಹೇಳಿದ್ರೆ ಅವರಿಗೂ ಒಂದು ಗೌರವ." ಗೌರವ! ಕಣ್ಣ ಮುಂದೆ ಮತ್ತೆ ತಂಗಿ ಲಂಗದ ನೆರಿಗೆ ಹಿಡಿದು ಮೆಟ್ಟಲಿಳಿಯುತ್ತಿದ್ದಳು.

ಸುಳ್ಯದಲ್ಲಿ ಬಸ್ಸು ನಿಂತಿತು. ವಸುಮತಿ ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಹೋಟೆಲಿನ ಮಾಣಿ ಬಾಗಿಲಲ್ಲಿ ನಿಂತು ಒದ್ದೆ ಬಟ್ಟೆ ಹಿಂಡುತ್ತಿದ್ದ. ಅವನಿಗೆ ತನ್ನ ಗುರುತು ಹತ್ತಿತೇನೋ ಎನಿಸಿ ಮುಖ ತಿರುಗಿಸಿದಳು.

ಮೊನ್ನೆ ಶನಿವಾರ ಕೋಣೆ ತುಂಬಿತ್ತು. ಪ್ಯಾಕಿಂಗಿನ ಹೆಂಗಸರು ಮಲ್ಲಿಗೆ ಮುಡಿದು ಬಂದಿದ್ದರು, ನಿಜವಾದ ಮದುವೆಗೆ ಬಂದ ಹಾಗೆ. ಫೀಲ್ಡಿನವರಿಗೆಂದು ಫೌಝಿಯಾ ಮುಂದಿನ ಸಾಲು ಬಿಡಿಸಿಟ್ಟಿದ್ದಳು. ಅದು ಖಾಲಿಯೇ ಉಳಿಯಿತು. ಅವಳು ಮಾತಾಡುತ್ತಾ ಮಾತಾಡುತ್ತಾ ಬಾಗಿಲು ನೋಡುವುದು, ಶರಬತ್ತು ಹಂಚುತ್ತಾ ಬಾಗಿಲು ನೋಡುವುದು. ಅವಳ ಧ್ವನಿ ಮೊದಲ ಬಾರಿಗೆ ತಪ್ಪಿದ್ದನ್ನು ವಸುಮತಿ ಕೇಳಿದಳು, ಕೇಳಿ ಒಳಗೆಲ್ಲೋ ಒಂದು ಸಣ್ಣ ಸುಖ ಹರಿಯಿತು. ಅದನ್ನು ಸುಖವೆಂದು ಗುರುತಿಸಿದ ಕ್ಷಣವೇ ಬಾಯಿ ಕಹಿಯಾಯಿತು. ರಾಮಪ್ರಸಾದ ಖಾಲಿ ಕುರ್ಚಿಗಳನ್ನೂ ಗಡಿಯಾರವನ್ನೂ ನೋಡಿ ಎದ್ದು ಹೋದ. ಫೌಝಿಯಾ ಹೊರಗೆ ಹೋಗಿ ಫೀಲ್ಡಿನ ಹಿರಿಯ ಮುರಳಿಕೃಷ್ಣನಿಗೆ ಫೋನು ಮಾಡಿದಳು. ಅವನ ದೊಡ್ಡ ಗಂಟಲು ಬಾಗಿಲ ಬಳಿಯಿದ್ದ ವಸುಮತಿಗೂ ಕೇಳಿಸಿತು. "ನಮಗೆ ಯಾರು ಹೇಳಿದ್ದು ಮಾರಾಯ್ತಿ? ಎಲ್ಲರಿಗೂ ಹೇಳಿಕೆ ಉಂಟಂತೆ, ನಾವು ಹೊರಗಿನವರಾ? ಬೋರ್ಡು ನೋಡಿ ಬರ್ಲಿಕ್ಕೆ ನಾವೇನು ಊಟ ಇಲ್ಲದವರಾ?" ಫೌಝಿಯಾ ತಿರುಗಿದಳು. ಕಣ್ಣು ನೇರ ವಸುಮತಿಯ ಕಣ್ಣಿಗೆ ಬಂತು, ಒಂದು ಕ್ಷಣ ನಿಂತಿತು. ಆಮೇಲೆ ಫೋನಿಗೆ ಹೇಳಿದಳು: "ತಪ್ಪು ನನ್ನದು ಮುರಳಿಯಣ್ಣ. ನಾನೇ ಮರೆತದ್ದು."

ಎರಡು ರಾತ್ರಿ ವಸುಮತಿ ಆ ವಾಕ್ಯದ ಜೊತೆ ಮಲಗಿದ್ದಳು. ಒಳ್ಳೆಯತನದಲ್ಲೂ ಅವಳೇ ಮುಂದೆ! ತನ್ನ ಕಳ್ಳತನವನ್ನು ಆ ಹುಡುಗಿ ಮೈಮೇಲೆ ಹಾಕಿಕೊಂಡು ಅದನ್ನೂ ತನ್ನಿಂದ ಕಸಿದುಕೊಂಡಳು ಎಂದು ಒಮ್ಮೆ ಅನಿಸಿತ್ತು. ಎಂಥ ವಿಕಾರವಾದ ಯೋಚನೆ. ಆದರೆ ಬಂದಿತ್ತು. ಈಗ ಸಂಪಾಜೆಗೆ ಹೋಗುತ್ತಿರುವುದು ಪಶ್ಚಾತ್ತಾಪಕ್ಕೋ, ಇಲ್ಲಾ ಆ ಹುಡುಗಿಗಿಂತ ದೊಡ್ಡವಳಾಗಿ ಕಾಣುವುದಕ್ಕೋ? ಮುರಳಿಕೃಷ್ಣನ ಎದುರು ನಿಂತು ತಪ್ಪು ಒಪ್ಪಿಕೊಳ್ಳುವ ತನ್ನನ್ನು ಅವಳು ಹಲವು ಬಾರಿ ಕಲ್ಪಿಸಿಕೊಂಡಿದ್ದಳು; ಪ್ರತಿ ಸಲವೂ ಕಲ್ಪನೆಯ ಒಂದು ಮೂಲೆಯಲ್ಲಿ ಫೌಝಿಯಾ ಬೆರಗಾಗಿ ನೋಡುತ್ತಾ ನಿಂತಿರುತ್ತಿದ್ದಳು. ಅರಂತೋಡು ಹಿಂದೆ ಹೋಯಿತು. ಘಾಟಿ ಇಳಿದು ಬಂದ ಲಾರಿಗಳು ರಸ್ತೆಯ ಬದಿಯಲ್ಲಿ ಬಿಸಿಯಾಗಿ ಉಸಿರಾಡುತ್ತಾ ನಿಂತಿದ್ದವು. ಕಂಡಕ್ಟರು ಮಾತಿಗೆ ತಪ್ಪದೆ ಗೇಟಿನ ಹತ್ತಿರವೇ ನಿಲ್ಲಿಸಿದ.

ಡಿಪೋ ಎಂದರೆ ತಗಡಿನ ಮಾಡಿನ ಉದ್ದನೆಯ ಶೆಡ್ಡು. ಒಳಗಿನಿಂದ ನಗು ಕೇಳಿ ವಸುಮತಿಯ ಹೆಜ್ಜೆ ನಿಂತಿತು. ಮೆಣಸಿನ ಚೀಲಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಡಿಲ ತುಂಬ ಪುಸ್ತಕ ಇಟ್ಟುಕೊಂಡು, ಫೌಝಿಯಾ ಕೂತಿದ್ದಳು. ಬೆಳಿಗ್ಗೆ ಇವಳು ರಜೆ ಕೇಳಿ ಮೆಸೇಜು ಮಾಡಿದ್ದು ಇದಕ್ಕೇ ಏನು? ಸುತ್ತ ಫೀಲ್ಡಿನವರು ಚೀಲಗಳ ಮೇಲೆ ಒರಗಿ ಕೂತಿದ್ದರು.

"ಇದೆಂತ ಮಾರಾಯ್ತಿ," ಮುರಳಿಕೃಷ್ಣ ಒಂದು ಪುಸ್ತಕ ಎತ್ತಿ ಹಿಡಿದಿದ್ದ, "ನಾನು ಬಳ್ಳಿಯ ರೋಗದ್ದು ಕೇಳಿದ್ರೆ ನೀನು ಕಾದಂಬರಿ ತಂದದ್ದಾ?"

"ಅದು ನಿಮಗಲ್ಲ ಮುರಳಿಯಣ್ಣ, ನಿಮ್ಮ ಹೆಂಡತಿಗೆ. ಮೊನ್ನೆ ಫೋನಲ್ಲಿ ಅವರೇ ಕೇಳಿದ್ದು."

"ಅವಳು ನಿನ್ನ ಹತ್ರ ಫೋನಲ್ಲಿ ಮಾತಾಡುದಾ? ನನ್ನ ಹತ್ರ ಊಟಕ್ಕೆ ಕರೀಲಿಕ್ಕೂ ಬಾಯಿ ಬಿಡುದಿಲ್ಲ!"

"ಅದಕ್ಕೇ ಪುಸ್ತಕ ಬೇಕಾದದ್ದು ಅವರಿಗೆ."

ಮತ್ತೆ ನಗು. ತಕ್ಕಡಿಯ ಬಳಿ ಕೂತಿದ್ದ ಮುದುಕ ಕುಂಞಿ ಮೋನು ಬಾಗಿಲಲ್ಲಿ ನಿಂತವಳನ್ನು ಮೊದಲು ಕಂಡ. "ಬನ್ನಿ ಬನ್ನಿ, ಬಿಸಿಲಲ್ಲಿ ನಿಲ್ಲುದು ಎಂತಕ್ಕೆ" ಎಂದು ಹೆಗಲ ಬೈರಾಸಿನಿಂದ ಒಂದು ಸ್ಟೂಲು ಒರೆಸಿ ಇಟ್ಟ, ವಸುಮತಿ ಕೂತಳು. ನಗು ನಿಂತಿತು. ಫೌಝಿಯಾ ಎದ್ದು ನಿಂತಳು. ಅವಳ ಮುಖದಲ್ಲಿ ಬೆರಗು ಇರಲಿಲ್ಲ.

"ಓ, ಮೇಡಂ!" ಎಂದ ಮುರಳಿಕೃಷ್ಣ. "ದಾರಿ ತಪ್ಪಿತಾ ಹೇಗೆ? ಮಡಿಕೇರಿಗೆ ಹೊರಟದ್ದಾ?"

"ಇಲ್ಲಿಗೇ ಬಂದದ್ದು. ನಿಮಗೆ ಹೇಳ್ಲಿಕ್ಕೆ."

"ಹೇಳಿ ಆಗಿದೆಯಲ್ಲ ಇವಳು. ಮರೆತದ್ದಕ್ಕೆ ಬೈಸಿಕೊಂಡೂ ಆಗಿದೆ. ಈಗ ನೀವು ಬಂದು ಎಂತ, ಮದುವೆ ಮುಗಿದ ಮೇಲೆ ಕಾಗದ ಕೊಡುದಾ?"

ಯಾರೋ ಕಿಸಕ್ಕೆಂದರು. ಇಲ್ಲೂ ಅವಳೇ ಮೊದಲು ಬಂದಾಗಿದೆ. ವಸುಮತಿ ಬಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳೆಲ್ಲ ಎಲ್ಲಿಗೋ ಹೋದವು. ನಾಲಿಗೆಯಲ್ಲಿ ಉಳಿದದ್ದು ಬರೀ ಎಲುಬಿನಂಥ ಎರಡು ಮಾತು.

"ಮರೆತದ್ದು ಅವಳಲ್ಲ. ಬುಧವಾರ ಬರ್ಬೇಕಾದದ್ದು ನಾನು. ಸುಳ್ಯದಲ್ಲಿ ಇಳಿದು ಕಾಫಿ ಕುಡಿದು ಹಿಂದೆ ಹೋದೆ. ಹೇಳಿ ಬಂದೆ ಅಂತ ಇವಳಿಗೆ ಸುಳ್ಳು ಹೇಳಿದೆ."

"ಯಾಕೆ, ಹುಷಾರಿರ್ಲಿಲ್ವಾ?" ಎಂದ ಕುಂಞಿ ಮೋನು, ಒಂದು ದಾರಿ ಬಿಟ್ಟುಕೊಡುವವನ ಹಾಗೆ.

ಆ ದಾರಿ ಎಷ್ಟು ಹತ್ತಿರವಿತ್ತು! ಹೌದು ಎಂದರೆ ಮುಗಿಯಿತು. "ಹುಷಾರಿದ್ದೆ," ಎಂದಳು ವಸುಮತಿ. "ನೀವೆಲ್ಲ ಇವಳನ್ನು ಕೇಳಿಕೊಂಡು ಬರ್ತೀರಿ. ನನಗೆ ಅದು ನೋಡ್ಲಿಕ್ಕೆ ಆಗ್ತಾ ಇರ್ಲಿಲ್ಲ. ಅಷ್ಟೆ."

ಹೊರಗೆ ಲಾರಿಯೊಂದು ಗೇರು ಬದಲಿಸಿತು.

"ನನಗೆ ಶನಿವಾರವೇ ಗೊತ್ತಾಗಿದೆ ಮೇಡಂ," ಎಂದಳು ಫೌಝಿಯಾ. ಕೈಯಲ್ಲಿದ್ದ ಪುಸ್ತಕಗಳನ್ನು ಸಿಟ್ಟಿನಿಂದ ಕುರ್ಚಿಯ ಮೇಲೆ ಹಾಕಿದಳು. "ತಪ್ಪು ನನ್ನದು ಅಂದದ್ದು ನಿಮ್ಮ ಮೇಲಿನ ಪ್ರೀತಿಯಿಂದ ಅಂತ ಎಣಿಸ್ಬೇಡಿ. ನನ್ನ ಬಗ್ಗೆ ರಿಪೋರ್ಟು ಬರೆಯುವವರು ನೀವು. ನಿಮ್ಮನ್ನು ಎದುರು ಹಾಕಿಕೊಂಡ್ರೆ ನನಗೆ ಕೆಲಸ ಉಂಟಾ? ಮನೆಗೆ ಹೋಗಿ ಎಷ್ಟು ಅತ್ತಿದ್ದೇನೆ ಗೊತ್ತುಂಟಾ? ನಿಮ್ಮ ಹೆಸರು ನಾನು ಒಂದು ದಿನ ಆದ್ರೂ ಬಿಟ್ಟದ್ದುಂಟಾ?"

ವಸುಮತಿ ಅವಳನ್ನೇ ನೋಡಿದಳು. ಆ ಸಿಟ್ಟು ಮುಖಕ್ಕೆ ಬಡಿದಾಗ ನೋವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಅಡಿಯಲ್ಲಿ ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಏನೋ ಎದ್ದು ಹೋಯಿತು. ಈ ಹುಡುಗಿ ದೇವತೆಯಲ್ಲ. ಹೆದರಿದ್ದಾಳೆ, ಲೆಕ್ಕ ಹಾಕಿದ್ದಾಳೆ, ಅತ್ತಿದ್ದಾಳೆ. "ಇಲ್ಲ," ಎಂದಳು. "ಒಂದು ದಿನವೂ ಬಿಡ್ಲಿಲ್ಲ. ನಾನು ದಿನಾ ಕೇಳ್ತಿದ್ದೆ."

"ಕೇಳ್ತಿದ್ರಾ?" ಎಂದಳು ಫೌಝಿಯಾ. ಈಗ ಅವಳಿಗೆ ಬೆರಗಾಯಿತು.

ವಸುಮತಿ ಚೀಲದಿಂದ ಫೋನು ತೆಗೆದು ನಂಬರು ಒತ್ತಿದಳು. ಆ ಕಡೆಯಿಂದ ರಾಮಪ್ರಸಾದ "ಹೇಳಿ ಮೇಡಂ, ಮೀಟಿಂಗಲ್ಲಿದ್ದೇನೆ" ಎಂದ. ಅವಳು ಎಲ್ಲರೆದುರೇ ಹೇಳಿದಳು. ಫೀಲ್ಡಿನವರು ಬಾರದೇ ಇದ್ದದ್ದು ಮನಸ್ಸಿಲ್ಲದೆ ಅಲ್ಲ, ಕರೆಯದೆ. ಕರೆಯದೇ ಬಿಟ್ಟವಳು ತಾನು, ಬೇಕೆಂದೇ. ಫೌಝಿಯಾಳದ್ದು ಏನೂ ತಪ್ಪಿಲ್ಲ. "ನೀವಾ ಮೇಡಂ?" ಎಂದ ರಾಮಪ್ರಸಾದ. ಇಷ್ಟು ವರ್ಷದ ಮರ್ಯಾದೆ ಆ ಎರಡು ಮಾತಿನಲ್ಲಿ ಜಾರಿ ಹೋದದ್ದು ಅವಳಿಗೆ ಕೇಳಿಸಿತು. ಅಷ್ಟರಲ್ಲಿ ಮುರಳಿಕೃಷ್ಣ ಕೈ ಚಾಚಿ ಫೋನು ತೆಗೆದುಕೊಂಡ.

"ಸರ್, ಮುರಳಿ ಮಾತಾಡುದು. ಹೇಳಿಕೆ ಇಲ್ಲದೆ ನಾವು ಬರುದು ಹೇಗೆ ಸರ್?... ಮದುವೆ ಅಲ್ಲ, ಗೊತ್ತುಂಟು. ಆದ್ರೂ ಕರೀಬೇಕಲ್ಲ... ನೀವೂ ಪುತ್ತೂರಿನವರೇ ಅಲ್ವಾ ಮಾರಾಯ್ರೆ, ಹೇಳಿಕೆ ಇಲ್ಲದ ಮನೆಗೆ ನೀವು ಹೋಗ್ತೀರಾ?... ಹ್ಞಾಂ. ಆಯ್ತು ಸರ್." ಫೋನು ವಾಪಸು ಕೊಡುತ್ತಾ ಅವನು ಅವಳ ಮುಖ ನೋಡಲಿಲ್ಲ, ಫೌಝಿಯಾಳಿಗೆ ಹೇಳಿದ: "ಬರುವ ಶನಿವಾರ ಇನ್ನೊಂದು ಸಲ ಇಡ್ಬೇಕಂತೆ. ಅಲ್ಲಿವರೆಗೆ ಎಂತದೂ ತೀರ್ಮಾನ ಮಾಡುದಿಲ್ಲಂತೆ. ಮೇಡಂ ನಾಳೆ ಆಫೀಸಿಗೆ ಹೋಗಿ ಕಾಣ್ಬೇಕಂತೆ."

"ನೀವು ಬರ್ತೀರಾ?" ಎಂದು ವಸುಮತಿ ಕೇಳಿದಳು. ಕೇಳಿದ್ದು ಸರಿಯಾಗಲಿಲ್ಲ ಎನಿಸಿ ಎದ್ದು ನಿಂತಳು. ಅಮ್ಮ ಹೇಗೆ ಹೇಳುತ್ತಿದ್ದಳು? ತಾನು ಜೊತೆಗೆ ಹೋಗಿ ಕೇಳಿಸಿಕೊಂಡದ್ದೇ ಇಲ್ಲವಲ್ಲ. "ಶನಿವಾರ ಲೈಬ್ರರಿಯಲ್ಲಿ ಕಾರ್ಯಕ್ರಮ ಉಂಟು," ಎಂದಳು. "ಎಲ್ಲರೂ ಬರ್ಬೇಕು. ಕುಂಞಿ ಮೋನಾಕ, ನೀವೂ."

"ನಾನು ಓದುವವ ಅಲ್ಲ," ಎಂದ ಮುದುಕ. "ಆದ್ರೆ ಕರೆದ ಮೇಲೆ ಬರುದೇ."

ಮುರಳಿಕೃಷ್ಣ ಎದ್ದು ಶೆಡ್ಡಿನ ಹಿಂದೆ ಹೋದ. ಊಟದ ಹೊತ್ತಾಗಿತ್ತು. ಸೋಮವಾರ ಎಲ್ಲರೂ ಸೇರುವ ದಿನ ಹಿಂದಿನ ಒಲೆಯಲ್ಲಿ ಗಂಜಿ ಬೇಯಿಸುತ್ತಾರೆ ಎಂದು ವಸುಮತಿಗೆ ಗೊತ್ತಿರಲಿಲ್ಲ. ಸ್ಟೀಲು ಬಟ್ಟಲುಗಳ ಸದ್ದು ಕೇಳಿತು, ಕುಚ್ಚಲಕ್ಕಿಯ ಹಬೆ ಒಳಗೆ ಬಂತು. ಒಬ್ಬೊಬ್ಬರೇ ಎದ್ದು ಕೈ ತೊಳೆಯಲು ಹೋದರು. ಫೌಝಿಯಾಳ ಕೈಗೂ ಯಾರೋ ಒಂದು ಬಟ್ಟಲು ಕೊಟ್ಟರು. ಅವಳು ಪುಸ್ತಕಗಳನ್ನು ಬದಿಗೆ ಸರಿಸಿ, ಕಣ್ಣು ಒರೆಸಿಕೊಂಡು, ಊದುತ್ತಾ ಕೂತಳು. ವಸುಮತಿ ಚೀಲ ಹೆಗಲಿಗೇರಿಸಿದಳು. ಬಸ್ಸು ಯಾವಾಗಲೋ, ರಸ್ತೆಯ ಬದಿಯಲ್ಲಿ ಎಲ್ಲಾದರೂ ನೆರಳಲ್ಲಿ ನಿಂತರಾಯಿತು. ಹೊರಡುವ ಮೊದಲು ಕಣ್ಣು ತಾನಾಗಿ ಹೋಗಿ ಫೌಝಿಯಾಳ ಬಟ್ಟಲಿನಲ್ಲಿ ಎಷ್ಟು ಚಟ್ನಿ ಇದೆ ಎಂದು ನೋಡಿಬಿಟ್ಟಿತು. ನಾಚಿಕೆಯಿಂದ ಅವಳಿಗೆ ಕಿವಿ ಬಿಸಿಯಾಯಿತು.

ಬಾಗಿಲಿಗೆ ಅಡ್ಡವಾಗಿ ಮುರಳಿಕೃಷ್ಣ ನಿಂತಿದ್ದ. ಕೈಯಲ್ಲಿ ಬಟ್ಟೆ ಸುತ್ತಿ ಹಿಡಿದ ಬಟ್ಟಲು, ತುಂಬ ಗಂಜಿ, ಅಂಚಿನಲ್ಲಿ ಹುರುಳಿ ಚಟ್ನಿ, ಒಂದು ಮಿಡಿ ಉಪ್ಪಿನಕಾಯಿ. ಅವಳ ಹೆಗಲಿನಿಂದ ಚೀಲ ಇಳಿಯುವವರೆಗೆ ಕಾದು, ಬಿಸಿ ತಾಗದ ಹಾಗೆ ಬಟ್ಟೆಯನ್ನು ಅವಳ ಕಡೆಗೆ ತಿರುಗಿಸಿ, ಬಟ್ಟಲನ್ನು ಅವಳ ಎರಡೂ ಕೈಗೆ ಕೊಟ್ಟ.